ನೀಲವ್ವನ ಕಡೆಯ ಪೀಪಾಯಿ

ನನ್ನ ಹೆಂಡತಿ ನೀಲವ್ವ ಲಿಂಗೈಕ್ಯಳಾಗಿ ಹತ್ತು ತಿಂಗಳಾದ ಮೇಲೂ ದಿನಕ್ಕೊಮ್ಮೆ, ಮಧ್ಯಾಹ್ನದ ಹೊತ್ತಿಗೆ, ನಮ್ಮ ಮನೆಯ ಮುಂದಿನ ಓಣಿಯಲ್ಲಿ ನಡೆದು ಹೋಗುತ್ತಿದ್ದಳು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಆಕೆ ತುಳಿದ ರಸ ಒಂದು ಪೀಪಾಯಿ ಇನ್ನೂ ಉಳಿದಿತ್ತು, ಅಷ್ಟೆ.

ನಮ್ಮೂರಿನಲ್ಲಿ ದ್ರಾಕ್ಷಿಯನ್ನು ಹೆಂಗಸರು ಕಲ್ಲಿನ ತೊಟ್ಟಿಗೆ ಇಳಿದು ಕಾಲಿನಿಂದ ತುಳಿಯುತ್ತಾರೆ. ತುಳಿದವಳು ಹೇಗೆ ನಡೆಯುವಳೋ, ಆ ರಸ ಕುಡಿದವರೂ ಒಂದು ತಾಸು ಹಾಗೆಯೇ ನಡೆಯುತ್ತಾರೆ. ತಾಸು ಕಳೆದ ಮೇಲೆ ಅವರವರ ನಡಿಗೆ ಅವರವರಿಗೆ ಹಿಂದಿರುಗುತ್ತದೆ. ಹೊರಗಿನಿಂದ ಬಂದವರು ಅದಕ್ಕೆ ವೈನ್ ಎನ್ನುತ್ತಾರೆ. ನಾವು ರಸ ಎಂದೇ ಅನ್ನುವುದು. ಊರು ಯಾವ ದೊಡ್ಡ ದಾರಿಯ ಮೇಲೂ ಇಲ್ಲ. ಬಸ್ಸು ಇಳಿಸಿದ ಕಡೆಯಿಂದ ಗುಡ್ಡದ ಬಗಲಲ್ಲಿ ಒಂದು ಹರದಾರಿ ನಡೆದರೆ ಸಿಗುತ್ತದೆ. ಹೆಸರುವಾಸಿ ಊರುಗಳ ವೈನಿಗೆ ಹಣ ಹೊಂದಿಸಲಾರದವರು, ಹೊಂದಿಸಲು ಮನಸ್ಸಿಲ್ಲದವರು ಬರುತ್ತಾರೆ. ಎರಡು ದಿನ ಇರುತ್ತಾರೆ, ಜೋಳದ ರೊಟ್ಟಿ ತಿನ್ನುತ್ತಾರೆ, ನಾಲ್ಕಾರು ಮನೆಗಳ ರಸ ಕುಡಿದು ನಾಲ್ಕಾರು ರೀತಿ ನಡೆದು ತಮ್ಮ ಊರಿಗೆ ಹೋಗುತ್ತಾರೆ. ಅಲ್ಲಿ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಹೇಗೆ ನಡೆದೆ, ತೋರಿಸು ಎನ್ನುತ್ತಾರೆ; ಅದು ಅವರಿಂದ ಆಗುವುದಿಲ್ಲ. ಹೀಗಾಗಿ ಊರಿಗೆ ಹೆಸರೂ ಬಂದಿಲ್ಲ, ರಸಕ್ಕೆ ಬೆಲೆಯೂ ಏರಿಲ್ಲ.

ಊರಿನವರಾದ ನಾವು ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರುಗಳಾದವು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯನ್ನು ನಡೆಸಿ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಹುಡುಗನ ತಂದೆಗೆ ಒಂದು ಲೋಟ ಕೊಡುತ್ತೇವೆ. ಆತನೇ ಅಂಗಳದಲ್ಲಿ ನಾಲ್ಕು ಸುತ್ತು ನಡೆದು ನೋಡಿಕೊಳ್ಳುತ್ತಾನೆ. ದಿನ ತುಂಬಿದ ಬಸುರಿಯರನ್ನು ತೊಟ್ಟಿಗೆ ಇಳಿಸುವುದಿಲ್ಲ. ಒಂದು ವರ್ಷ ಒಂದು ಮನೆಯವರು ಈ ಕಟ್ಟಳೆ ಮೀರಿದ್ದರಿಂದ, ಹೊಲ ಅಳೆಯಲು ಬಂದ ಸರ್ವೇದಾರರು ಒಂದು ಲೋಟ ಕುಡಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಬಿಟ್ಟು, ಆ ತಾಸಿನಲ್ಲಿ ಒಂದು ಬದುವನ್ನೂ ದಾಟಲಿಲ್ಲ. ಮದುವೆಯ ಮೆರವಣಿಗೆಗೆ ಎಲ್ಲರಿಗೂ ಒಂದೇ ಪೀಪಾಯಿಯಿಂದ ಕೊಡಬೇಕು, ಇಲ್ಲವಾದರೆ ಸಾಲು ಕೆಡುತ್ತದೆ. ಇಂಥ ಸಣ್ಣಪುಟ್ಟ ಎಚ್ಚರಿಕೆಗಳ ಹೊರತು ನಮ್ಮ ಬಾಳು ಬೇರೆ ಊರಿನವರ ಬಾಳಿನಂತೆಯೇ.

ಬೆಲೆ ನಡಿಗೆಯ ಮೇಲೆ. ನಮ್ಮ ಪಕ್ಕದ ಮನೆಯ ತಂಗೆವ್ವನ ರಸಕ್ಕೆ ಊರಿನಲ್ಲೇ ಹೆಚ್ಚು ಬೆಲೆ. ಆಕೆ ನಡೆದರೆ ತಲೆಯ ಮೇಲಿನ ತುಂಬಿದ ಕೊಡದ ನೀರು ಅಲುಗುವುದಿಲ್ಲ. ಆಕೆಯ ರಸ ಕುಡಿದು ಬೆನ್ನು ಬಾಗಿದ ಮಾಸ್ತರರೊಬ್ಬರು ಒಂದು ತಾಸು ಸೆಟೆದು ನಡೆದು, ತಾಸು ಮುಗಿದ ಮೇಲೆ ಅತ್ತದ್ದನ್ನು ನಾನು ಕಂಡಿದ್ದೇನೆ. ನನ್ನ ಹೆಂಡತಿಯ ರಸ ಎಲ್ಲಕ್ಕಿಂತ ಅಗ್ಗ. ಆಕೆ ಹುಡುಗಿಯಾಗಿದ್ದಾಗ ಬೇವಿನ ಮರದಿಂದ ಬಿದ್ದವಳು, ಎಡಗಾಲು ಎಳೆಯುತ್ತಿತ್ತು. ತಂಗೆವ್ವನ ಒಂದು ಲೋಟದ ಬೆಲೆಗೆ ನೀಲವ್ವನದು ನಾಲ್ಕು ಲೋಟ ಬರುತ್ತಿತ್ತು. ಬಡವರು ನಮ್ಮ ಮನೆಗೇ ಬರುತ್ತಿದ್ದರು. ಗೌಂಡಿಗಳು, ಹಮಾಲರು, ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುವವರು. ಕಾಲು ಎಳೆದುಕೊಂಡು ನಡೆಯುವುದು ನೋಡಲು ಚೆನ್ನಾಗಿರುವುದಿಲ್ಲ, ಅದಕ್ಕೆ ಬೆಲೆ ಇಲ್ಲ ಎಂದು ನಾನು ತಿಳಿದಿದ್ದೆ. ನನಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು.

ನಾನು ಮಾತ್ರ ಯಾರ ರಸವನ್ನೂ ಕುಡಿದವನಲ್ಲ. ಹದಿನಾರನೆಯ ವರ್ಷದಲ್ಲಿ ನನಗೆ ದೀಕ್ಷೆಯಾಯಿತು. ಗುರುಗಳು ನನ್ನನ್ನು ಕರೆದು, ಗುರುಸಿದ್ದಪ್ಪಾ, ಇದು ನಿಮ್ಮ ಮನೆತನದ ಕಾಯಕ, ಮಾರುವುದಕ್ಕೆ ಅಡ್ಡಿಯಿಲ್ಲ, ನಾಲಿಗೆಗೆ ಮಾತ್ರ ಸೋಕಬಾರದು ಎಂದು ಅಪ್ಪಣೆ ಕೊಡಿಸಿದರು. ಐವತ್ತೆರಡು ವರ್ಷ ಸೋಕಿಸಿರಲಿಲ್ಲ. ಊರಿನಲ್ಲಿ ಹುಟ್ಟಿದಂದಿನಿಂದ ತನ್ನ ಸ್ವಂತ ನಡಿಗೆಯಲ್ಲೇ ನಡೆದವನು ನಾನೊಬ್ಬನೇ. ಇದನ್ನು ಬಂದವರ ಮುಂದೆ ಹೇಳಿಕೊಳ್ಳುವುದೂ ಇತ್ತು.

ಇನ್ನು ಪೀಪಾಯಿಯ ವಿಷಯ. ಪೀಪಾಯಿಯ ಮರ ತಾನೂ ಒಂದಿಷ್ಟು ರಸ ಕುಡಿಯುತ್ತದೆ. ಹೀಗೆ ಕಡಿಮೆಯಾದ ಜಾಗದಲ್ಲಿ ಗಾಳಿ ತುಂಬಿದರೆ ರಸ ಹುಳಿಯಾಗುತ್ತದೆ. ಹುಳಿಯಾದ ರಸ ಉಪ್ಪಿನಕಾಯಿಗೆ ಬರುತ್ತದೆಯೇ ಹೊರತು ಯಾರ ನಡಿಗೆಯನ್ನೂ ಕೊಡುವುದಿಲ್ಲ. ಅದಕ್ಕೆ ಪ್ರತಿ ಹುಣ್ಣಿಮೆಗೆ ಪೀಪಾಯಿಯನ್ನು ಬಾಯಿಯವರೆಗೆ ತುಂಬಿಸಬೇಕು, ಅದೂ ಅದೇ ಹೆಂಗಸು ತುಳಿದ ರಸದಿಂದಲೇ. ಆಕೆ ತೀರಿಹೋಗಿದ್ದರೆ ಆಕೆಯ ತಂಗಿಯದೋ ಮಗಳದೋ ಸೇರಿಸುತ್ತಾರೆ. ಒಂದೇ ಮನೆಯ ನಡಿಗೆ ಒಂದಕ್ಕೊಂದು ಒಗ್ಗುತ್ತದೆ. ಒಗ್ಗದ್ದನ್ನು ಸೇರಿಸಿದರೆ ಆಗುವುದೇನು ಎಂದು ಊರಿಗೆ ಗೊತ್ತಿದೆ. ಅತ್ತೆಯ ಪೀಪಾಯಿಗೆ ಸೊಸೆಯ ರಸ ಸೇರಿಸಿದ ಮನೆಯಲ್ಲಿ ಕುಡಿದ ಒಬ್ಬ ಬಳೆಗಾರನ ಎಡಗಾಲು ಗುಡಿಯ ಕಡೆಗೂ ಬಲಗಾಲು ಆ ಸೊಸೆಯ ತವರಿನ ದಾರಿಗೂ ಹೊರಟು, ಆತ ಒಂದು ತಾಸು ಚಾವಡಿಯ ಮುಂದೆ ಇದ್ದಲ್ಲಿಯೇ ತಿರುಗಿದ.

ನೀಲವ್ವನಿಗೆ ತಂಗಿಯಿರಲಿಲ್ಲ. ನಮಗೆ ಮಕ್ಕಳೂ ಇಲ್ಲ. ಆಕೆ ಫಾಲ್ಗುಣದಲ್ಲಿ ತೊಟ್ಟಿಗೆ ಇಳಿದಿದ್ದಳು, ವೈಶಾಖದಲ್ಲಿ ಜ್ವರ ಬಂದು ಆರನೆಯ ದಿನ ಹೋದಳು. ಮೊದಲ ಹುಣ್ಣಿಮೆಗೆ ತಂಗೆವ್ವ ತನ್ನ ರಸ ಒಂದು ತಂಬಿಗೆ ತಂದು, ಸೇರಿಸುತ್ತೇನೆ, ಹೇಗೂ ಇಬ್ಬರೂ ಇಪ್ಪತ್ತು ವರ್ಷ ಒಂದೇ ತೊಟ್ಟಿಯಲ್ಲಿ ಒಬ್ಬರಾದ ಮೇಲೊಬ್ಬರು ತುಳಿದವರು ಎಂದಳು. ನಾನು ಬೇಡವೆಂದೆ. ಸೇರಿಸಿದರೆ ಕಾಲು ಎಳೆಯುವುದು ತುಸು ಕಡಿಮೆಯಾಗುತ್ತಿತ್ತು. ಮತ್ತೊಂದು ಹುಣ್ಣಿಮೆಗೆ ಇನ್ನೊಂದಿಷ್ಟು ಕಡಿಮೆಯಾಗುತ್ತಿತ್ತು. ಒಂದು ವರ್ಷದಲ್ಲಿ ಪೀಪಾಯಿ ತುಂಬಿಯೇ ಇರುತ್ತಿತ್ತು, ಅದರಲ್ಲಿ ತಂಗೆವ್ವ ಇರುತ್ತಿದ್ದಳು. ಆದ್ದರಿಂದ ನಾನು ಯಾವ ಹುಣ್ಣಿಮೆಗೂ ತುಂಬಿಸಲಿಲ್ಲ. ತುಂಬಿಸದಿದ್ದರೆ ಹುಳಿಯಾಗುತ್ತದೆ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಊರಿನಲ್ಲಿ, ನಲವತ್ತು ವರ್ಷ ರಸ ಮಾರಿದ ನಾನು ಈ ಕೆಲಸ ಮಾಡಿದೆ.

ಅಷ್ಟೇ ಅಲ್ಲ, ದಿನಕ್ಕೊಂದು ಲೋಟ ತೆಗೆಯುತ್ತಲೂ ಇದ್ದೆ. ಮಧ್ಯಾಹ್ನ ಪೂಜೆ, ಪ್ರಸಾದ ಮುಗಿಸಿ ಬಾಗಿಲ ಕಟ್ಟೆಯ ಮೇಲೆ ಕೂತು, ಊರಿಗೆ ಬಂದವರಲ್ಲಿ ಒಬ್ಬರನ್ನು ಆರಿಸುತ್ತಿದ್ದೆ. ಮೈಭಾರ ನೀಲವ್ವನಷ್ಟೇ ಇರಬೇಕು. ದಪ್ಪನೆಯವರು ಕೇಳಿದರೆ ಮುಗಿದಿದೆ ಎನ್ನುತ್ತಿದ್ದೆ. ಲೋಟಕ್ಕೆ ದುಡ್ಡು ಬೇಡ, ಒಂದೇ ಕರಾರು: ನಮ್ಮ ಬಾಗಿಲಿನಿಂದ ಬಸವಣ್ಣನ ಕಟ್ಟೆಯವರೆಗೆ ಹೋಗಿ ತಿರುಗಿ ಬರಬೇಕು, ಎರಡು ಸಲ, ಮಾತಾಡಬಾರದು. ಆಕೆಯ ಚಪ್ಪಲಿಯನ್ನೂ ಕೊಡುತ್ತಿದ್ದೆ. ಗಂಡಸರಿಗೆ ಅವು ಹಿಡಿಸುತ್ತಿರಲಿಲ್ಲ, ಹಿಮ್ಮಡಿ ಹೊರಗೆ ಬರುತ್ತಿತ್ತು. ಆದರೂ ಸದ್ದು ಸುಮಾರಾಗಿ ಅದೇ. ನಾನು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆತ. ಒಂದು ಗಟ್ಟಿ, ಒಂದು ಎಳೆತ. ಷಡಕ್ಷರಿಯ ಜಪವನ್ನು ನಾನು ಆ ಹೆಜ್ಜೆಗೇ ಹೊಂದಿಸಿಕೊಂಡಿದ್ದೆ. ಆ ಹತ್ತು ತಿಂಗಳಲ್ಲಿ ಮಾಡಿದಷ್ಟು ನೆಟ್ಟಗೆ ಜಪವನ್ನು ನಾನು ಹಿಂದೆ ಮಾಡಿದ್ದಿಲ್ಲ. ತಾಸು ಕಳೆದ ಮೇಲೆ ಅವರು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತು ಸೊಂಟ ಒತ್ತಿಕೊಳ್ಳುತ್ತಿದ್ದರು. ಬಸ್ಸಿನಿಂದ ಒಂದು ಹರದಾರಿ ನಡೆದು ಬಂದ ದಣಿವು ಎಂದುಕೊಂಡು ಬೆಲ್ಲ ನೀರು ಕೊಟ್ಟು ಕಳಿಸುತ್ತಿದ್ದೆ.

ಮಾಘ ಕಳೆದು ಫಾಲ್ಗುಣ ಹಿಡಿಯಿತು. ತಂಗೆವ್ವ ಒಂದು ದಿನ ಬಂದು ಪೀಪಾಯಿಯ ಬಾಯಿಗೆ ಬಡಿದ ಬೆಣೆ ತೆಗೆದು ಮೂಗಿಟ್ಟು ನೋಡಿದಳು. ಅರ್ಧಕ್ಕಿಂತ ಕಡಿಮೆಯಾಗಿದೆ, ಅಂಚಿನಲ್ಲಿ ಹುಳಿ ಹಿಡಿದಿದೆ, ಯುಗಾದಿಗೆ ಪೂರ್ತಿ ಹೋಗುತ್ತದೆ ಎಂದಳು. ಈಗಲಾದರೂ ತನ್ನದನ್ನು ಸುರಿದರೆ ಅರ್ಧ ನೀಲಕ್ಕನಾದರೂ ಉಳಿಯುತ್ತಾಳೆ ಎಂದು ಲೆಕ್ಕ ಹೇಳಿದಳು. ನಾನು ಬೆಣೆಯನ್ನು ಮತ್ತೆ ಬಡಿದು ಕೂರಿಸಿದೆ. ಯುಗಾದಿಗೆ ಇಪ್ಪತ್ತೆರಡು ದಿನ ಇದ್ದವು. ಆಮೇಲೆ ನೀಲವ್ವ ಓಣಿಯಲ್ಲಿ ನಡೆಯುವುದಿಲ್ಲ, ಇಲ್ಲವೇ ಅರ್ಧ ನೀಲವ್ವ ನಡೆಯುತ್ತಾಳೆ. ಎರಡರಲ್ಲಿ ಯಾವುದು ಎಂದು ನಾನು ದಿನವೂ ಪೂಜೆಯಲ್ಲಿ ಶಿವನನ್ನು ಕೇಳುತ್ತಿದ್ದೆ. ಆತ ಹೇಳಲಿಲ್ಲ.

ಆ ದಿನಗಳಲ್ಲೇ ಸುಲೋಚನಾ ಕಾಮತ ಎಂಬವರು ಬಂದರು. ಕರಾವಳಿಯ ಕಡೆಯವರು, ಐವತ್ತೈದರ ವಯಸ್ಸು, ನಿವೃತ್ತ ನರ್ಸು, ಒಬ್ಬರೇ ತಿರುಗಾಡುವವರು. ಹೆಚ್ಚು ಖರ್ಚಿಲ್ಲದೆ ಒಳ್ಳೆಯ ವೈನ್ ಕುಡಿಯಬಹುದಾದ, ಯಾರೂ ಕೇಳಿರದ ಊರುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ನಮ್ಮದು ಹನ್ನೊಂದನೆಯ ಊರಂತೆ. ಹಾಳು ಬಾವಿಯಲ್ಲಿ ಪೀಪಾಯಿ ಇಳಿಬಿಟ್ಟು ಹಗ್ಗದಿಂದ ಎಳೆದು ಕೊಡುವ ಒಂದು ಊರು, ರೈಲು ನಿಲ್ಲದ ಸ್ಟೇಷನ್ನಿನಲ್ಲಿ ಮಣ್ಣಿನ ಕುಡಿಕೆಯಲ್ಲಿ ಮಾರುವ ಇನ್ನೊಂದು ಊರು, ಹೀಗೆ ಅವರು ನೋಡಿ ಬಂದದ್ದನ್ನೆಲ್ಲ ಹೇಳಿದರು. ನಮ್ಮೂರಿನ ವಿಷಯ ಕೇಳಿಕೊಂಡು ಗಾಬರಿಯಾಗದೆ, ಹೌದಾ ಎಂದಷ್ಟೇ ಅಂದು ಬರೆದುಕೊಂಡರು. ಹಿಂದಿನ ದಿನ ತಂಗೆವ್ವನ ಮನೆಯಲ್ಲಿ ಕುಡಿದು, ತನ್ನ ಮದುವೆಯಲ್ಲಿ ಕೂಡ ಇಷ್ಟು ಚೆನ್ನಾಗಿ ನಡೆದಿರಲಿಲ್ಲ ಎಂದು ನಕ್ಕರಂತೆ. ಊರಿನಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದನ್ನು ಕುಡಿಯದೆ ಪುಸ್ತಕ ಬರೆದರೆ ಓದುವವರಿಗೆ ಮೋಸವಾಗುತ್ತದೆ ಎಂದು ನಮ್ಮ ಮನೆಗೆ ಬಂದರು.

ಅವರು ಬಾಗಿಲಲ್ಲಿ ನಿಂತಾಗಲೇ ನಾನು ಕಟ್ಟೆಯಿಂದ ಎದ್ದು ನಿಂತೆ. ಎತ್ತರ ನೀಲವ್ವನಷ್ಟೇ, ಮೈ ಅಷ್ಟೇ. ಚಪ್ಪಲಿ ಕೊಟ್ಟೆ, ಹೊಲಿಸಿದಂತೆ ಹಿಡಿಸಿತು. ಲೋಟ ಕೊಟ್ಟು, ಕರಾರು ಹೇಳಿ, ಕಟ್ಟೆಯ ಮೇಲೆ ಕಣ್ಣು ಮುಚ್ಚಿದೆ. ಸುಲೋಚನಾಬಾಯಿ ನಡೆದರು. ಅಂದಿನ ಹೆಜ್ಜೆಯಂಥ ಹೆಜ್ಜೆ ಆ ಹತ್ತು ತಿಂಗಳಲ್ಲಿ ಬಿದ್ದಿರಲಿಲ್ಲ. ಬಸವಣ್ಣನ ಕಟ್ಟೆಯವರೆಗೆ ಹೋಯಿತು, ತಿರುಗಿತು, ಬಂತು, ಮತ್ತೆ ಹೋಯಿತು. ಜಪ ನಿಂತುಹೋದದ್ದು ನನಗೆ ತಿಳಿಯಲಿಲ್ಲ. ಮೂರನೆಯ ಸಲವೂ ಹೋಗಿ ಬರುವಂತೆ ಕೇಳಿಕೊಂಡೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಹೋಗಿ ಬಂದರು. ಆಮೇಲೆ ತಾಸು ಮುಗಿಯುವವರೆಗೆ ಅಂಗಳದಲ್ಲೇ ಅತ್ತ ಇತ್ತ ಓಡಾಡಿ, ಮುಗಿದ ಕೂಡಲೇ ಕಟ್ಟೆಯ ಮೇಲೆ ಕೂತು ಎಡ ಸೊಂಟದ ಮೇಲೆ ಅಂಗೈ ಒತ್ತಿಕೊಂಡರು.

"ನಿಮ್ಮ ಮನೆಯವರಿಗೆ ಈ ನೋವು ಎಷ್ಟು ವರ್ಷದಿಂದ ಇತ್ತು?" ಎಂದು ಕೇಳಿದರು.

"ನೋವಿರಲಿಲ್ರಿ ಅಕ್ಕಾರ. ಸಣ್ಣಾಕಿ ಇದ್ದಾಗಿಂದ ಕಾಲು ಎಳೀತಿತ್ತು, ಅಷ್ಟ."

ಅವರು ಖಾಲಿ ಲೋಟವನ್ನು ಪಕ್ಕಕ್ಕಿಟ್ಟರು. ಆಮೇಲೆ ನರ್ಸುಗಳು ಮಾತಾಡುವ ಹಾಗೆ, ಏರಿಳಿತವಿಲ್ಲದೆ ಹೇಳಿದರು. "ಎಡಗಾಲು ನೆಲ ಮುಟ್ಟಿದಾಗಲೆಲ್ಲ ಸೊಂಟದಿಂದ ಮಂಡಿಯ ತನಕ ಕಾದ ಸಲಾಕೆ ಎಳೆದ ಹಾಗಾಗುತ್ತದೆ. ಆ ಬಸವಣ್ಣನ ಕಟ್ಟೆಯ ಹತ್ತಿರ ಕೂತುಬಿಡೋಣ ಅಂದುಕೊಂಡೆ. ಕಾಲು ಬಿಡಲಿಲ್ಲ."

"ಬಿಡಲಿಲ್ಲ ಅಂದ್ರ?"

"ಕೂರುವ ಅಭ್ಯಾಸ ಆ ಕಾಲಿಗಿಲ್ಲ, ಯಜಮಾನರೇ."

ಬೆಲ್ಲ ನೀರು ಕೊಟ್ಟೆ. ಕುಡಿದರು. ತಮ್ಮ ಪುಸ್ತಕದಲ್ಲಿ ಈ ಮನೆಯ ಹೆಸರು ಹಾಕಲೋ ಬೇಡವೋ ಎಂದು ಊರು ಬಿಡುವ ಮೊದಲು ಬಂದು ಕೇಳುತ್ತೇನೆ ಎಂದು ಹೇಳಿ, ಚಪ್ಪಲಿಯನ್ನು ಜೋಡಿಸಿಟ್ಟು ಹೋದರು.

ನಾನು ನೇರವಾಗಿ ತಂಗೆವ್ವನ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪೇಟೆಯ ಬಾಯಿಯವರು ಹೀಗೀಗೆ ಅಂದರು, ಅವರಿಗೇ ಏನೋ ವಾಯು ಇರಬೇಕು ಎಂದೆ. ತಂಗೆವ್ವ ಮೊರವನ್ನು ಕೆಳಗಿಟ್ಟಳು.

"ನಿಮಗ ಗೊತ್ತಿರ್ಲಿಲ್ಲೇನ್ರಿ ಅಣ್ಣಾರ?"

"ಏನು?"

"ಮತ್ತ ನೀಲಕ್ಕನ ರಸ ಯಾಕ ಅಗ್ಗ ಅಂತ ತಿಳ್ಕೊಂಡಿದ್ರಿ?"

"ಕಾಲು ಎಳೀತಿತ್ತಲ್ಲ, ಅದಕ್ಕ."

"ಕಾಲು ಎಳದ್ರ ಯಾರು ರೊಕ್ಕ ಕಡಿಮಿ ಕೊಡ್ತಾರ? ಗೌಡರ ಸೊಸಿ ಬಾತುಕೋಳಿ ಹಂಗ ನಡೀತಾಳ, ಆಕಿದು ಹೆಚ್ಚೂಕಡಿಮಿ ನನ್ನ ರಸದಷ್ಟ ಹೋಗತೈತಿ. ನೀಲಕ್ಕನ ರಸ ನೋಯ್ತಿತ್ರಿ. ತಡ್ಕೊಳ್ಳೋ ಮಂದಿ ಅಷ್ಟ ಕುಡೀತಿದ್ರು."

ಯಾರು ಯಾರಿಗೆ ಗೊತ್ತು ಎಂದು ಕೇಳಿದೆ. ಆಕೆ ಬೆರಳು ಮಡಚಲು ಹೋಗಿ ಬಿಟ್ಟಳು. ಕುಡಿದವರಿಗೆಲ್ಲ ಗೊತ್ತಿತ್ತು, ಊರಿನಲ್ಲಿ ಕುಡಿಯದವನು ನಾನೊಬ್ಬನೇ. ಮೂಟೆ ಹೊರುವ ಹಮಾಲರು ಸಂಜೆ ನಮ್ಮ ಮನೆಯಲ್ಲೇ ಕುಡಿಯುತ್ತಿದ್ದುದು ಅಗ್ಗವೆಂದಷ್ಟೇ ಅಲ್ಲವಂತೆ. ನೀಲವ್ವನ ನೋವು ಬಂದರೆ ಆ ಒಂದು ತಾಸು ತಮ್ಮ ಬೆನ್ನುನೋವು ಮರೆತುಹೋಗುತ್ತದೆ ಎನ್ನುತ್ತಿದ್ದರಂತೆ. ಹಾಗಾದರೆ ನನಗೆ ಯಾಕೆ ಯಾರೂ ಹೇಳಲಿಲ್ಲ ಎಂದೆ. ದನಿ ಏರಿತ್ತೆಂದು ಕಾಣುತ್ತದೆ, ಅಂಗಳದ ಕೋಳಿಗಳು ಸರಿದವು.

"ಹೆಂಡತಿ ನೋವು ಗಂಡಗ ಊರವರು ಹೇಳಬೇಕೇನ್ರಿ?" ಎಂದಳು ತಂಗೆವ್ವ. ಆಕೆ ಹಾಗೆ ಖಾರವಾಗಿ ಮಾತಾಡುವವಳಲ್ಲ. ಮೊರವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು, ಜೋಳವನ್ನು ನೋಡುತ್ತ ಹೇಳಿದಳು. "ಒಮ್ಮೆ ನಾನ ಕೇಳಿದ್ದೆ, ಅಣ್ಣಾರ ಕಿವಿಗೆ ಹಾಕಲೇನ ಅಂತ. ಬ್ಯಾಡ ಅಂದ್ಲು. ಅವರು ಕುಡಿಯೂದಿಲ್ಲಲ್ಲ, ಅದೊಂದು ಚಲೋ ಆತು ಅಂದ್ಲು."

ಮನೆಗೆ ಬಂದು ಕಟ್ಟೆಯ ಮೇಲೆ ಕೂತೆ. ಹತ್ತು ತಿಂಗಳು, ದಿನಕ್ಕೊಬ್ಬರು. ಬೆಲ್ಲ ನೀರು ಕುಡಿದು ಹೋದವರ ಮುಖಗಳನ್ನು ನೆನಪಿಸಿಕೊಳ್ಳಲು ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದರಿಂದ ಹೆಚ್ಚಿನವು ನೆನಪಾಗಲಿಲ್ಲ.

ಮರುದಿನ ಮಠಕ್ಕೆ ಹೋದೆ. ನನಗೆ ದೀಕ್ಷೆ ಕೊಟ್ಟ ಗುರುಗಳು ಈಗಿಲ್ಲ. ಇರುವ ಅಯ್ಯನವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಐವತ್ತೆರಡು ವರ್ಷದ ನೇಮ, ಒಂದು ಲೋಟಕ್ಕೆ ಅಪ್ಪಣೆಯಾಗಬೇಕು ಎಂದು ಬಿನ್ನವಿಸಿಕೊಂಡೆ. ಕಾರಣವನ್ನೂ ಹೇಳಿದೆ. ನೇಮ, ಅಪವಾದ, ಪ್ರಾಯಶ್ಚಿತ್ತ ಎಂದು ವಿವರವಾಗಿ ಹೇಳುತ್ತಾರೆಂದು ನಾನು ಕೈಮುಗಿದುಕೊಂಡೇ ನಿಂತಿದ್ದೆ. ಅವರು ಕೇಳಿದ್ದು, ರಸ ಯಾವಾಗ ಹುಳಿಯಾಗುತ್ತದೆ ಎಂದು. ಯುಗಾದಿಗೆ ಎಂದೆ.

"ಹಂಗಾದ್ರ ನನ್ನ ಕೇಳಾಕ ಭಾಳ ತಡಾ ಮಾಡೀರಿ," ಎಂದರು. "ಕುಡದ ದಿನ ಲಿಂಗ ಮುಟ್ಟಬ್ಯಾಡ್ರಿ. ಮರುದಿನ ಜಳಕ ಮಾಡಿ ಬರ್ರಿ."

ಮಂಗಳವಾರ ಬೆಳಗ್ಗೆ, ಬಿಸಿಲು ಅಂಗಳಕ್ಕೆ ಇಳಿದ ಮೇಲೆ, ಪೀಪಾಯಿಯ ನಲ್ಲಿ ತಿರುವಿ ಒಂದು ಲೋಟ ಹಿಡಿದೆ. ನೀಲವ್ವನ ಹೆಸರು ಹೇಳುವುದೋ ಶಿವನ ಹೆಸರು ಹೇಳುವುದೋ ತಿಳಿಯದೆ ಯಾವುದನ್ನೂ ಹೇಳದೆ ಕುಡಿದೆ. ರುಚಿಯ ಬಗ್ಗೆ ನಾನು ಹೇಳಲಾರೆ. ಹೋಲಿಸಲು ನನಗೆ ಬೇರೊಂದು ಗೊತ್ತಿಲ್ಲ. ಹುಳಿ ಇತ್ತು, ಒಗರಿತ್ತು, ಗಂಟಲಲ್ಲಿ ಬೆಚ್ಚಗಾಯಿತು.

ಓಣಿಗೆ ಹೋಗಬೇಕೆಂದುಕೊಂಡಿದ್ದೆ. ಕಾಲು ಹಿತ್ತಿಲ ಕಡೆಗೆ ಹೊರಟಿತು. ಹೋಗುವಾಗ ಕೈ ತಾನಾಗಿ ಮೂಲೆಯಲ್ಲಿದ್ದ ಕೊಡವನ್ನು ತೆಗೆದುಕೊಂಡಿತು. ನಮ್ಮ ಹಿತ್ತಿಲಾಚೆ ಸಿಹಿನೀರಿನ ಬಾವಿಯಿದೆ, ಹದಿನೇಳು ಪಾವಟಿಗೆ ಇಳಿಯಬೇಕು. ನನ್ನ ಪೂಜೆಯ ಅಗ್ಗವಣಿ, ಅಂದರೆ ಲಿಂಗಕ್ಕೆರೆಯುವ ನೀರು, ಆ ಬಾವಿಯದೇ ಆಗಬೇಕು, ಯಾರ ನೆರಳೂ ಬೀಳುವ ಮೊದಲು ತಂದದ್ದಾಗಬೇಕು, ಮೂರು ಕೊಡ ಆಗಬೇಕು ಎಂದು ಮದುವೆಯಾದ ವಾರದಲ್ಲೇ ನಾನು ನೀಲವ್ವನಿಗೆ ಹೇಳಿದ್ದೆ. ಮತ್ತೆ ಹೇಳಬೇಕಾಗಿ ಬಂದಿರಲಿಲ್ಲ. ನಲವತ್ತೊಂದು ವರ್ಷ ನೀರು ಬಂತು. ಆಕೆ ಹೋದ ಮೇಲೆ ಅಂಗಳದ ನಳದ ನೀರಿನಿಂದಲೇ ಪೂಜೆ ನಡೆಯುತ್ತಿತ್ತು. ಶಿವ ಏನೂ ಅಂದಿರಲಿಲ್ಲ.

ಸುಲೋಚನಾಬಾಯಿ ಹೇಳಿದ್ದು ಸರಿಯಾಗಿಯೇ ಇತ್ತು. ಸಲಾಕೆಯ ಹೋಲಿಕೆ ಹೊಂದುತ್ತದೆ. ಇಳಿಯುವಾಗ ಎಡಗಾಲು ಮೊದಲು, ಗೋಡೆಯ ಮೇಲೆ ಅಂಗೈ. ಗೋಡೆಯ ಆ ಜಾಗದ ಸುಣ್ಣ ಹೋಗಿ ನುಣುಪಾಗಿರುವುದನ್ನು ಅಂದೇ ನೋಡಿದೆ. ಏರುವಾಗ ಬಲಗಾಲು ಮೊದಲು, ಎಡಗಾಲನ್ನು ಎಳೆದು ಪಕ್ಕಕ್ಕೆ ಇಡುವುದು, ಕೊಡ ಬಲ ಬಗಲಲ್ಲಿ. ಒಂಬತ್ತನೆಯ ಪಾವಟಿಗೆಯಲ್ಲಿ ಒಂದು ಉಸಿರು ನಿಲ್ಲುವುದು. ನನಗೆ ಇವನ್ನೆಲ್ಲ ಯಾರೂ ಕಲಿಸಬೇಕಾಗಲಿಲ್ಲ. ಹಿತ್ತಿಲು ದಾಟಿ, ಒಲೆಯ ಪಕ್ಕದಿಂದ ಪಡಸಾಲೆಗೆ ಬಂದೆ. ಪಡಸಾಲೆಯ ತುದಿಯಲ್ಲಿ ದೇವರ ಕೋಣೆ. ಅದರ ಬಾಗಿಲು ಎಂಟು ಹೆಜ್ಜೆ ದೂರದಲ್ಲಿದ್ದಾಗ ನನ್ನ ಕಾಲು ಬದಲಾಯಿತು.

ಎಡಗಾಲಿನ ಬೆರಳುಗಳು ನೆಲವನ್ನು ಕಚ್ಚಿ ಹಿಡಿದವು. ಸೊಂಟ ಬಿಗಿಯಿತು, ಹಲ್ಲು ಕಚ್ಚಿಕೊಂಡಿತು, ಉಸಿರು ನಿಂತಿತು. ಕಾಲು ಎಳೆಯಲಿಲ್ಲ. ನಾನು ನೆಟ್ಟಗೆ, ಸದ್ದಿಲ್ಲದೆ, ತಂಗೆವ್ವನ ಹಾಗೆ ನಡೆದೆ. ಹದಿನೇಳು ಪಾವಟಿಗೆಯ ನೋವನ್ನೆಲ್ಲ ಕೂಡಿಸಿದರೂ ಆ ಎಂಟು ಹೆಜ್ಜೆಯ ನೋವಿಗೆ ಸಮನಾಗುತ್ತಿರಲಿಲ್ಲ. ಬಾಗಿಲಲ್ಲಿ ಕೊಡ ಇಳಿಸಿ, ತಿರುಗಿ, ಮತ್ತೆ ಎಂಟು ಹೆಜ್ಜೆ ನೆಟ್ಟಗೆ ಬಂದು, ಗೋಡೆಯ ಮರೆಯಾದ ಮೇಲೆ ಕಾಲು ಕುಸಿಯಿತು.

ದೇವರ ಕೋಣೆಯ ಮುಂದೆ ಬಂದರೆ ನೀಲವ್ವನ ಕಾಲು ಎಳೆಯುತ್ತಿರಲಿಲ್ಲ. ಪೂಜೆಗೆ ಕೂತ ನಾನು ಅದನ್ನು ಮೊದಲ ವರ್ಷವೇ ಗಮನಿಸಿದ್ದೆ. ಶಿವನ ಸನ್ನಿಧಿಯಲ್ಲಿ ಆಕೆಯ ಊನ ನೀಗುತ್ತದೆ ಎಂದು ತಿಳಿದಿದ್ದೆ. ಮಠದಲ್ಲಿ ನಾಲ್ಕು ಜನ ಕೂತಲ್ಲಿ ಇದನ್ನು ಹೇಳಿದ್ದೂ ಉಂಟು. ಕೇಳಿದವರು ಕೈಮುಗಿದಿದ್ದರು. ಅವರಲ್ಲಿ ಕೆಲವರು ನೀಲವ್ವನ ರಸ ಕುಡಿದವರಿರಬೇಕು.

ಮೂರು ಕೊಡ ತಂದೆ. ತಾಸು ಮುಗಿಯಲು ಇನ್ನೂ ಹೊತ್ತಿತ್ತು. ಕೂರೋಣವೆಂದರೆ ಕಾಲು ಒಪ್ಪಲಿಲ್ಲ. ಒಲೆಯ ಬಳಿಗೆ, ಅಂಗಳಕ್ಕೆ, ಪೀಪಾಯಿಯ ಬಳಿಗೆ, ಮತ್ತೆ ಒಲೆಯ ಬಳಿಗೆ ಓಡಾಡಿಸಿತು. ಪಡಸಾಲೆ ದಾಟುವಾಗಲೆಲ್ಲ, ಕೋಣೆಯಲ್ಲಿ ಯಾರೂ ಕೂತಿರದಿದ್ದರೂ, ಎಂಟು ಹೆಜ್ಜೆ ನೆಟ್ಟಗೆ ನಡೆಸಿತು. ಆಮೇಲೆ ನನ್ನ ಕಾಲುಗಳು ನನಗೆ ಬಂದವು. ಅರವತ್ತೆಂಟು ವರ್ಷದ, ಯಾವ ನೋವೂ ಇಲ್ಲದ, ಗಟ್ಟಿಯಾದ ಕಾಲುಗಳು. ಅಂದು ಪೂಜೆ ನಡೆಯಲಿಲ್ಲ. ನೀರು ಬಾಗಿಲಲ್ಲೇ ಇತ್ತು.

ಸಂಜೆ ಸುಲೋಚನಾಬಾಯಿ ಬಂದರು. ತಂಗೆವ್ವನೂ ಬಂದಳು, ಕೈಯಲ್ಲಿ ತನ್ನ ರಸದ ತಂಬಿಗೆ ಹಿಡಿದು. ಹುಣ್ಣಿಮೆ ಎರಡು ದಿನವಿತ್ತು. ಇಬ್ಬರೂ ಬಾಗಿಲಲ್ಲೇ ನಿಂತರು. ಪುಸ್ತಕದಲ್ಲಿ ಊರಿನ ಹೆಸರಿರಲಿ, ತಂಗೆವ್ವನ ಹೆಸರಿರಲಿ, ನಮ್ಮ ಮನೆಯದು ಬೇಡ ಎಂದೆ. ಸುಲೋಚನಾಬಾಯಿ ಒಂದು ಹಾಳೆಯ ಮೇಲೆ ಅಡ್ಡಗೆರೆ ಎಳೆದರು. ತಂಗೆವ್ವ ತಂಬಿಗೆಯನ್ನು ತುಸು ಮುಂದೆ ಚಾಚಿ, ಸುರೀಲೇನ್ರಿ ಅಣ್ಣಾರ ಎಂದಳು. ಬ್ಯಾಡವ್ವ ಎಂದೆ. ಎದ್ದು ಹೋಗಿ ಪೀಪಾಯಿಯ ಬೆಣೆ ತೆಗೆದು, ಅದನ್ನು ಒಲೆಯಲ್ಲಿ ಹಾಕಿದೆ. ಬೆಣೆಯಿಲ್ಲದ ಪೀಪಾಯಿ ಯುಗಾದಿಯವರೆಗೆ ಕಾಯುವುದಿಲ್ಲ. ಹುಳಿಯಾಗಲು ನಾಲ್ಕು ದಿನ ಸಾಕು. ತಂಗೆವ್ವ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಕೊಡುವುದಿಲ್ಲ, ಕೂರಿಸಿ ಕೊಡುತ್ತೇವೆ. ಮುಂಡಾಸು ತೆಗೆದಿಟ್ಟು ಕುಣಿಗೆ ಇಳಿದು ನೀಲವ್ವನನ್ನು ಕೂರಿಸಿದವನು ನಾನೇ. ಮೂರನೆಯ ದಿನದಿಂದ ಆಕೆಯನ್ನು ಎಬ್ಬಿಸಿ ಓಣಿಯಲ್ಲಿ ನಡೆಸಿದವನೂ ನಾನೇ. ಇದನ್ನು ಅಯ್ಯನವರಿಗೆ ಹೇಳಿಲ್ಲ, ಶಿವನಿಗೆ ಹೇಳಿದ್ದೇನೆ.

ಈ ಫಾಲ್ಗುಣದಲ್ಲಿ ನಮ್ಮ ತೋಟದ ದ್ರಾಕ್ಷಿಯನ್ನು ತಂಗೆವ್ವನಿಗೇ ಕೊಟ್ಟೆ. ಮನೆಯಲ್ಲಿ ಪೀಪಾಯಿ ಇಲ್ಲ. ಆದರೂ ಗುಡ್ಡದ ಬಗಲಲ್ಲಿ ನಡೆದು ಬಂದ ಹಮಾಲರೋ ಗೌಂಡಿಗಳೋ ಆಗಾಗ ಬಾಗಿಲಲ್ಲಿ ನಿಂತು ನೀಲವ್ವನ ರಸ ಕೇಳುತ್ತಾರೆ. ಒಳಗೆ ಕರೆದು ರೊಟ್ಟಿ ಕೊಡುತ್ತೇನೆ. ಒಂದು ಲೋಟವೂ ಇಲ್ಲವೇ, ಆಕೆ ಎಲ್ಲಿ ಎಂದು ಒತ್ತಾಯ ಮಾಡಿ ಕೇಳಿದವರಿಗೆ, "ಆಕಿ ಕುಂತಾಳ್ರಿ," ಎನ್ನುತ್ತೇನೆ.